ನಿಮ್ಮ ಲೇಖನದಲ್ಲಿ ಎಲ್ಲರೂ ಕುಣಿಯುತ್ತಾರೆ

ನಮಸ್ಕಾರ.

ನೀವು ಕಳಿಸಿದ 'ಬೈಬಲಿನಲ್ಲಿ ನೃತ್ಯ: ಆನಂದದ ಸಂಕೇತ' ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಕನ್ನಡ ಬೈಬಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಕೊನೆಯವರೆಗೆ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನಿಮ್ಮ ಹದಿನಾಲ್ಕು ಪುಟಗಳ ಒಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ನಿಮಗೇ ಕಂಡ ಹಾಗಿಲ್ಲ.

ನಿಮ್ಮ ವಾದ ಇಷ್ಟು. ಬೈಬಲಿನಲ್ಲಿ ಕುಣಿತ ಅಂದರೆ ಸಂತೋಷ. ಮಿರ್ಯಾಮಳು ಸಮುದ್ರ ದಾಟಿದ ಮೇಲೆ ದಮ್ಮಡಿ ಹಿಡಿದು ಕುಣಿದಳು, ದಾವೀದ ಮಂಜೂಷ ಎಂಬ ಪವಿತ್ರ ಪೆಟ್ಟಿಗೆಯ ಮುಂದೆ ಕುಣಿದ, ಕೀರ್ತನೆಗಳು ಕುಣಿಯಿರಿ ಅನ್ನುತ್ತವೆ, ಎಲಿಸಬೇತಳ ಹೊಟ್ಟೆಯಲ್ಲಿ ಕೂಸು ನಲಿಯಿತು, ಕುಂಟ ಎದ್ದು ನೆಗೆದ. ಹೀಗೆ ಇಪ್ಪತ್ತಮೂರು ವಚನಗಳನ್ನು ಪೋಣಿಸಿದ್ದೀರಿ. ಒಂದೊಂದರ ಕೆಳಗೂ 'ಇದು ಆನಂದದ ಸಂಕೇತ' ಎಂಬ ಸಾಲು ಇದೆ. ಯಾವುದೂ ಸುಳ್ಳಲ್ಲ. ಆದರೆ ಐದನೆಯದಕ್ಕೆ ಬರುವಷ್ಟರಲ್ಲಿ ಇಪ್ಪತ್ತಮೂರನೆಯದರ ಕೆಳಗೆ ಏನಿರುತ್ತದೆ ಅಂತ ಓದುಗನಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಅವನು ಯಾಕೆ ಓದಬೇಕು?

ನನಗೆ ಕಂಡ ದೊಡ್ಡ ಕೊರತೆ ಬೇರೆಯೇ. ನಿಮ್ಮ ಲೇಖನದಲ್ಲಿ ಎಲ್ಲರೂ ಕುಣಿಯುತ್ತಾರೆ. ಬೈಬಲಿನಲ್ಲಿ ಹಾಗಿಲ್ಲ. ಅಲ್ಲಿ ಯಾರಾದರೂ ಕುಣಿದರೆ, ಹತ್ತಿರದಲ್ಲೇ ಕುಣಿಯದ ಒಬ್ಬರು ಎಷ್ಟೋ ಸಲ ನಿಂತಿರುತ್ತಾರೆ. ಕತೆ ಅವರ ಕಡೆಗೂ ತಿರುಗಿ ನೋಡುತ್ತದೆ. ನೀವು ನೋಡಿಲ್ಲ.

ದಾವೀದನನ್ನೇ ತೆಗೆದುಕೊಳ್ಳಿ. ನೀವು ಅವನಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ, ಅವನ ಹೆಂಡತಿ ಮೀಕಲಳಿಗೆ ಒಂದು ಸಾಲು: 'ಅಹಂಕಾರಿಯಾದ ಮೀಕಲಳು ಅವನನ್ನು ಹೀನಾಯಿಸಿದಳು.' ಆ ಒಂದು ಸಾಲಿಗೆ ನಾನು ಕೆಂಪು ಗೆರೆ ಹಾಕಿದ್ದೇನೆ. ಸಮುವೇಲನ ಪುಸ್ತಕಗಳಲ್ಲಿ ಅವಳ ಕತೆಯನ್ನು ಮೊದಲಿನಿಂದ ಓದಿಕೊಂಡು ಬನ್ನಿ. ಅವಳು ದಾವೀದನಿಗಿಂತ ಮೊದಲು ಅರಸನಾಗಿದ್ದ ಸೌಲನ ಮಗಳು. ದಾವೀದನನ್ನು ಪ್ರೀತಿಸಿದಳು ಅಂತ ಬೈಬಲೇ ಬಾಯಿಬಿಟ್ಟು ಹೇಳುತ್ತದೆ. ಸೌಲನ ಆಳುಗಳು ಕೊಲ್ಲಲು ಮನೆ ಕಾಯುತ್ತಿದ್ದಾಗ ಅವನನ್ನು ಕಿಟಕಿಯಿಂದ ಕೆಳಗಿಳಿಸಿ ಉಳಿಸಿದವಳು ಅವಳು. ಹಾಸಿಗೆಯಲ್ಲಿ ಒಂದು ವಿಗ್ರಹ ಮಲಗಿಸಿ, ಹೊದಿಕೆ ಹೊದಿಸಿ, ಕಾಯಿಲೆ ಅಂತ ಅಪ್ಪನ ಆಳುಗಳಿಗೆ ಸುಳ್ಳು ಹೇಳಿದಳು. ದಾವೀದ ಓಡಿಹೋದ. ಸೌಲ ಅವಳನ್ನು ಇನ್ನೊಬ್ಬನಿಗೆ ಕೊಟ್ಟ. ವರ್ಷಗಳ ನಂತರ ದಾವೀದ ಬೇರೆ ಹೆಂಡತಿಯರ ಜೊತೆ ಹೆಬ್ರೋನಿನಲ್ಲಿ ಅರಸನಾಗಿದ್ದಾಗ, ರಾಜಕೀಯದ ಒಪ್ಪಂದದಲ್ಲಿ ಅವಳನ್ನು ವಾಪಸ್ಸು ಕೇಳಿದ. ಆ ಎರಡನೇ ಗಂಡ ಬಹುರೀಮಿನವರೆಗೂ ಅಳುತ್ತಾ ಹಿಂದೆ ನಡೆದುಬಂದ. ಹಿಂದಿರುಗು ಅಂದ ಮೇಲೆ ತಿರುಗಿಹೋದ.

ಈಗ ಅವಳು ಮತ್ತೆ ಕಿಟಕಿಯಲ್ಲಿ ನಿಂತಿದ್ದಾಳೆ.

ಒಮ್ಮೆ ಕಿಟಕಿಯಿಂದ ಗಂಡನನ್ನು ಇಳಿಸಿದವಳು, ಈಗ ಕಿಟಕಿಯಿಂದ ಅದೇ ಗಂಡ ಕುಣಿಯುವುದನ್ನು ನೋಡುತ್ತಾಳೆ. ನಿಮಗೆ ಬೇರೆ ಏನು ಬೇಕು ಹೇಳಿ. ಇನ್ನೊಂದು ಸಂಗತಿ. ಆ ಅಧ್ಯಾಯದಲ್ಲಿ ಅವಳ ಹೆಸರಿನ ಜೊತೆ 'ಸೌಲನ ಮಗಳು' ಎಂದು ಮೂರು ಸಲ ಬರುತ್ತದೆ. ಒಮ್ಮೆಯೂ 'ದಾವೀದನ ಹೆಂಡತಿ' ಅಂತ ಇಲ್ಲ. ಬರೆದವನು ಸುಮ್ನೆ ಹಾಗೆ ಬರೆದಿಲ್ಲ. ಜಗಳದಲ್ಲಿ ದಾವೀದ ಕೊಡುವ ಉತ್ತರವೂ ಅಲ್ಲಿಗೇ ಬಡಿಯುತ್ತದೆ: ದೇವರು ನಿನ್ನ ತಂದೆಯನ್ನು ಬಿಟ್ಟು ನನ್ನನ್ನು ಆರಿಸಿಕೊಂಡ, ಅವನ ಮುಂದೆ ಇನ್ನೂ ಅಗ್ಗವಾಗುತ್ತೇನೆ. ಕೊನೆಯ ಸಾಲು, ಅವಳಿಗೆ ಸಾಯುವ ತನಕ ಮಕ್ಕಳಾಗಲಿಲ್ಲ. ಅರಮನೆಯ ಒಂದು ದೊಡ್ಡ ಸಂಭ್ರಮದ ದಿನ ಹೀಗೆ ಮುಗಿಯುತ್ತದೆ. ಇದನ್ನು 'ಆನಂದದ ಸಂಕೇತ' ಅಂತ ಕರೆದು ಮುಂದಿನ ವಚನಕ್ಕೆ ಹೋಗಿಬಿಡಬಹುದಾ?

ಕುಣಿದವನ ಕಡೆಯಿಂದಲೂ ನೀವು ಅರ್ಧ ಬಿಟ್ಟಿದ್ದೀರಿ. ಮಂಜೂಷ ಅಂದರೆ ಏನು ಅಂತ ನಮ್ಮ ಓದುಗರಲ್ಲಿ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಜಾಲಿಮರದ ಪೆಟ್ಟಿಗೆ, ಚಿನ್ನದ ತಗಡು, ಹೊರಲು ಎರಡು ಕೋಲು. ಮೊದಲ ಸಲ ಅದನ್ನು ಬಂಡಿಯಲ್ಲಿ ತರುವಾಗ ಎತ್ತು ಎಡವಿತು. ಬೀಳದಿರಲಿ ಅಂತ ಉಜ್ಜ ಕೈಚಾಚಿ ಹಿಡಿದ, ಅಲ್ಲೇ ಸತ್ತ. ದಾವೀದ ಹೆದರಿ ಅದನ್ನು ಓಬೇದೆದೋಮನ ಮನೆಯಲ್ಲಿ ಮೂರು ತಿಂಗಳು ಬಿಟ್ಟ. ಎರಡನೇ ಸಲ ಹೊತ್ತು ಹೊರಟಾಗ ಆರು ಹೆಜ್ಜೆ ಇಟ್ಟ ಮೇಲೆ ಬಲಿ ಕೊಟ್ಟರು. ಆರೇ ಹೆಜ್ಜೆ! ಬಹುಶಃ ಯಾರೂ ಸಾಯಲಿಲ್ಲವಲ್ಲ ಅಂತ ಉಸಿರು ಬಿಟ್ಟಿರಬೇಕು. ಇದು ನನ್ನ ಊಹೆ, ಆದರೆ ಆ ಆರು ಹೆಜ್ಜೆ ನನ್ನದಲ್ಲ. ದಾವೀದ ಕುಣಿದದ್ದು ಅದರ ನಂತರ. ಭಯ ಇಳಿದ ಮೈ ಅದು. ಆ ಕುಣಿತಕ್ಕೆ ಹೀಬ್ರೂವಿನಲ್ಲಿ ಬಳಸಿರುವ ಒಂದು ಪದಕ್ಕೆ ಗಿರಗಿರ ತಿರುಗುವುದು ಎಂಬ ಅರ್ಥ ಹೇಳುತ್ತಾರೆ. ಅಂದರೆ ಗಿರಕಿ ಹೊಡೆಯುವುದು. ಅದೇ ಕತೆ ಪೂರ್ವಕಾಲವೃತ್ತಾಂತದಲ್ಲಿ ಇನ್ನೊಮ್ಮೆ ಬರುತ್ತದೆ. ಅಲ್ಲಿ ದಾವೀದನಿಗೆ ನಯವಾದ ನಾರುಮಡಿಯ ನಿಲುವಂಗಿ ಇದೆ, ಕುಣಿತದ ಪದ ಮಾಮೂಲಿಯಾಗಿದೆ, ಗಂಡ ಹೆಂಡಿರ ಜಗಳ ಮಾಯವಾಗಿದೆ. ಮೀಕಲಳು ಕಿಟಕಿಯಿಂದ ನೋಡಿ ತಾತ್ಸಾರ ಮಾಡಿದಳು ಎಂಬ ಒಂದು ಸಾಲು ಮಾತ್ರ ಉಳಿದಿದೆ. ನಿಮ್ಮ ಲೇಖನ ಈ ಎರಡನೇ ಪುಸ್ತಕದ ಹಾಗಿದೆ. ನನಗೆ ಮೊದಲನೆಯದು ಬೇಕು.

ಯೆಪ್ತಾಹನ ಮಗಳು ನಿಮ್ಮ ಪಟ್ಟಿಯಲ್ಲೇ ಇಲ್ಲ. ಯಾಕೆ ಅಂತ ಊಹಿಸಬಲ್ಲೆ. ಯುದ್ಧ ಗೆದ್ದರೆ ಮನೆಬಾಗಿಲಿಂದ ಮೊದಲು ಎದುರು ಬಂದದ್ದನ್ನು ಬಲಿ ಕೊಡುತ್ತೇನೆ ಅಂತ ಅವನು ಹರಕೆ ಹೊತ್ತಿದ್ದ. ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಬಂದವಳು ಒಬ್ಬಳೇ ಮಗಳು. ಅವಳಿಗೆ ಹೆಸರೂ ಇಲ್ಲ. ಮಿರ್ಯಾಮಳ ಕೈಯಲ್ಲಿದ್ದದ್ದೂ ಅದೇ ದಮ್ಮಡಿ, ಅದೇ ಗೆಲುವಿನ ಕುಣಿತ. ಚಿನ್ನದ ಬಸವನ ಮುಂದೆ ಜನ ಕುಣಿಯುವುದನ್ನು ಕಂಡೇ ಮೋಶೆ ಕಲ್ಲಿನ ಹಲಗೆಗಳನ್ನು ಒಡೆದದ್ದು. ಇವನ್ನೆಲ್ಲ ಬಿಟ್ಟು 'ಬೈಬಲಿನಲ್ಲಿ ನೃತ್ಯ' ಎಂದು ಹೆಸರಿಡುವುದು ಮೋಸ ಅಲ್ವಾ?

ಸಣ್ಣ ತಪ್ಪುಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಹೆರೋದನ ಮುಂದೆ ಕುಣಿದ ಹುಡುಗಿಗೆ ಸುವಾರ್ತೆಗಳಲ್ಲಿ ಹೆಸರಿಲ್ಲ, ಸಲೋಮೆ ಎಂಬ ಹೆಸರು ಇತಿಹಾಸಕಾರ ಜೋಸೆಫಸನಿಂದ ಬಂದದ್ದು. ಇನ್ನೊಂದು ಸ್ವಲ್ಪ ದೊಡ್ಡದು. ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಬಗ್ಗೆ ಹೇಳುವ 'ಪೆರಿಖೋರೆಸಿಸ್' ಎಂಬ ಗ್ರೀಕ್ ಪದಕ್ಕೆ 'ಸುತ್ತು ಕುಣಿತ' ಅಂತ ಅರ್ಥ ಕೊಟ್ಟು, ಅದರ ಮೇಲೆ ಎರಡು ಪುಟ ಕಟ್ಟಿದ್ದೀರಿ. ಈ ಮಾತು ತುಂಬಾ ಕಡೆ ಓಡಾಡುತ್ತಿದೆ, ನಿಮ್ಮದೊಬ್ಬರ ತಪ್ಪಲ್ಲ. ಆದರೆ ಕುಣಿತಕ್ಕೆ ಗ್ರೀಕಿನಲ್ಲಿ 'ಖೊರೋಸ್', ಅದರಲ್ಲಿ ಹ್ರಸ್ವ ಒ. ಪೆರಿಖೋರೆಸಿಸ್‌ನಲ್ಲಿ ಇರುವುದು ದೀರ್ಘ ಓ, ಅದು 'ಎಡೆ ಕೊಡು, ಹೋಗು' ಎಂಬ ಬೇರೆ ಧಾತು. ಒ ಮತ್ತು ಓ ಎರಡಕ್ಕೂ ಬೇರೆ ಅಕ್ಷರ ಇರುವ ಭಾಷೆ ನಮ್ಮದು. ಕೊಡು ಮತ್ತು ಕೋಡು ಒಂದೇ ಅಂತ ಯಾರಾದರೂ ಹೇಳಿದರೆ ನಾವು ನಗುವುದಿಲ್ಲವೇ? ಆ ಎರಡು ಪುಟ ಪೂರ್ತಿ ತೆಗೆಯಿರಿ.

ಭಾಷೆಗೆ ಬರುತ್ತೇನೆ. ನೀವು 'ನೃತ್ಯ' ಪದವನ್ನು ತುಂಬಾ ಜಾಸ್ತಿ ಬಳಸಿದ್ದೀರಿ. ನೃತ್ಯ ಅಂದ ಕೂಡಲೇ ನನಗೆ ವೇದಿಕೆ, ಗೆಜ್ಜೆ, ದೀಪ ಕಾಣುತ್ತದೆ. ಇಲ್ಲಿ ವೇದಿಕೆಯೂ ಇಲ್ಲ, ತಾಲೀಮೂ ಇಲ್ಲ. ಕುಣಿ, ನೆಗೆ, ಜಿಗಿ, ಕುಪ್ಪಳಿಸು, ನಲಿ, ಚಿಮ್ಮು, ಇಷ್ಟೆಲ್ಲ ಕೈಯಲ್ಲಿರುವಾಗ ಒಂದೇ ಪದಕ್ಕೆ ಯಾಕೆ ಜೋತು ಬಿದ್ದಿರಿ? ಸುವಾರ್ತೆ ಬರೆದ ಲೂಕನನ್ನು ನೋಡಿ. ಎಲಿಸಬೇತಳಿಗೆ ಆರನೇ ತಿಂಗಳು. ಮರಿಯಳ ದನಿ ಕೇಳಿದಾಗ ಹೊಟ್ಟೆಯ ಕೂಸಿಗೆ ಅವನು ಬಳಸುವ ಪದ 'ಸ್ಕಿರ್ತಾವೊ'. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಲೂಕನಲ್ಲಿ ಮಾತ್ರ, ಮೂರೇ ಸಲ. ಎರಡು ಸಲ ಈ ಕೂಸಿಗೆ, ಇನ್ನೊಂದು ಸಲ ಜನ ನಿಮ್ಮನ್ನು ದ್ವೇಷಿಸಿ ಹೊರಗೆ ಹಾಕಿದ ದಿನ ಕುಣಿದಾಡಿ ಎನ್ನುವಲ್ಲಿ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಅದೇ ಪದ ಟಗರುಗಳ ಹಾಗೆ ಹಾರಿದ ಬೆಟ್ಟಗಳಿಗೆ ಬರುತ್ತದೆ. ಕೊಟ್ಟಿಗೆಯಿಂದ ಬಿಟ್ಟ ಕರುಗಳಿಗೆ ಮಲಾಕಿಯನ ಪುಸ್ತಕದಲ್ಲೂ ಬರುತ್ತದೆ. ಕಣ್ಣಿ ಬಿಚ್ಚಿದ ಕರು ಬಾಲ ಎತ್ತಿಕೊಂಡು ಅಂಗಳದಲ್ಲೆಲ್ಲ ಓಡುವುದನ್ನು ನೀವು ನೋಡಿದ್ದೀರಾ? ನಮ್ಮಜ್ಜಿ ಅದಕ್ಕೆ 'ಮೈಯಲ್ಲಿ ಹಬ್ಬ ಬಂತು' ಅನ್ನುತ್ತಿದ್ದರು. ಲೂಕನ ಕೂಸಿಗೆ ಆ ಕರು ಬೇಕು, ಭರತನಾಟ್ಯ ಬೇಡ.

'ಚಿಮ್ಮು' ಅಂದೆನಲ್ಲ, ಅದನ್ನು ಇಟ್ಟುಕೊಳ್ಳಿ. ದೇವಾಲಯದ ಸುಂದರ ಬಾಗಿಲಲ್ಲಿ ಕುಳಿತಿದ್ದ ಕುಂಟನ ನೆಗೆತಕ್ಕೆ ಲೂಕ ಬಳಸುವ ಪದ ಬೇರೆ, 'ಹಲ್ಲೊಮಯ್'. ಕುಂಟನು ಜಿಂಕೆಯಂತೆ ಹಾರುವನು ಎಂಬ ಯೆಶಾಯನ ಮಾತಿಗೆ ಗ್ರೀಕ್ ಅನುವಾದದಲ್ಲಿ ಇರುವುದೂ ಅದೇ. ಯೋಹಾನನ ಸುವಾರ್ತೆಯಲ್ಲಿ ಯೇಸು ಸಮಾರ್ಯದ ಹೆಂಗಸಿಗೆ ಹೇಳುವ ಉಕ್ಕುವ ನೀರಿಗೂ ಅದೇ ಪದ. ಮೈಗೂ ನೀರಿಗೂ ಒಂದೇ ಕ್ರಿಯಾಪದ. ನಮ್ಮ 'ಚಿಮ್ಮು' ಎರಡಕ್ಕೂ ಒಗ್ಗುತ್ತದೆ. ಆ ಕುಂಟನಿಗೆ ನಲವತ್ತು ದಾಟಿತ್ತು, ಹುಟ್ಟಿದಾಗಿನಿಂದ ನಡೆದವನಲ್ಲ. ನಡೆಯುವುದು ಹೇಗೆ ಅಂತ ಅವನಿಗೆ ಕಲಿಸಿದವರೇ ಇಲ್ಲ. ಹಾಗಾಗಿ ಮೊದಲು ನೆಗೆಯುತ್ತಾನೆ, ಆಮೇಲೆ ನಿಲ್ಲುತ್ತಾನೆ, ಆಮೇಲೆ ನಡೆಯುತ್ತಾನೆ. ಲೂಕ ಆ ಕ್ರಮದಲ್ಲೇ ಬರೆದಿದ್ದಾನೆ, ನೀವು ಅದನ್ನು 'ಎದ್ದು ನಡೆದು ನೆಗೆದನು' ಅಂತ ತಿದ್ದಿಬಿಟ್ಟಿದ್ದೀರಿ! ಇಲ್ಲೂ ಮುಖ ಗಂಟಿಕ್ಕಿದವರಿದ್ದಾರೆ. ಅದೇ ಸಂಜೆ, ಅವನನ್ನು ಗುಣಪಡಿಸಿದ ಪೇತ್ರ, ಯೋಹಾನರನ್ನು ಹಿಡಿದು ಕಾವಲಲ್ಲಿ ಇಟ್ಟರು. ಮರುದಿನ ವಿಚಾರಣೆಯಲ್ಲಿ ಆ ಮನುಷ್ಯ ಅವರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಅವನು ನಿಂತದ್ದನ್ನು ನೋಡಿ ಹಿರಿಯರಿಗೆ ಎದುರುಮಾತೇ ಬರಲಿಲ್ಲ.

ಯೇಸು ಹೇಳುವ ಸಂತೆಬೀದಿಯ ಮಕ್ಕಳ ದೂರು ನಿಮಗೆ ಇನ್ನೂ ಉಪಯೋಗಕ್ಕೆ ಬರಬಹುದು. ಕೊಳಲೂದಿದೆವು, ನೀವು ಕುಣಿಯಲಿಲ್ಲ. ಗೋಳಾಡಿದೆವು, ನೀವು ಎದೆ ಬಡಿದುಕೊಳ್ಳಲಿಲ್ಲ. ಯೇಸು ಆಡುತ್ತಿದ್ದದ್ದು ಅರಮಾಯಿಕ್. ಅದರ ಹತ್ತಿರದ ಸಿರಿಯಾಕ್ ಅನುವಾದದಲ್ಲಿ ಕುಣಿಯುವುದು, ಎದೆ ಬಡಿದುಕೊಳ್ಳುವುದು ಎರಡೂ ಒಂದೇ ಧಾತುವಿನಿಂದ ಬರುತ್ತವೆ, 'ರಕ್ಕೆದ್‌ತೂನ್' ಮತ್ತು 'ಅರ್ಕೆದ್‌ತೂನ್'. ಮದುವೆಗೂ ಸಾವಿಗೂ ಒಂದೇ ಪದದ ಎರಡು ರೂಪ.

ಹೊಸದಾಗಿ ಬರೆಯಿರಿ. ಇಪ್ಪತ್ತಮೂರು ವಚನ ಬೇಡ, ಮೂರು ಸಾಕು. ನಾನಾದರೆ ಮೀಕಲಳ ಕಿಟಕಿಯಿಂದ ಶುರು ಮಾಡಿ, ಯೇಸು ಹೇಳಿದ ಕತೆಯ ತಪ್ಪಿಹೋದ ಮಗನ ಮನೆಯ ಹೊರಗೆ ನಿಲ್ಲಿಸುತ್ತಿದ್ದೆ. ಹಿರಿಮಗ ಹೊಲದಿಂದ ಬರುತ್ತಾನೆ, ವಾದ್ಯ ಮತ್ತು ಕುಣಿತದ ಸದ್ದು ಕೇಳುತ್ತದೆ. ತಮ್ಮ ಮರಳಿ ಬಂದ ಸಂಭ್ರಮ ಅದು, ಸಿಟ್ಟಿನಿಂದ ಅವನು ಒಳಗೆ ಹೋಗುವುದಿಲ್ಲ. ಒಳಗಿನ ಕುಣಿತವನ್ನು ನಾವು ನೋಡುವುದೇ ಇಲ್ಲ, ಅವನ ಜೊತೆ ಹೊರಗೆ ನಿಂತು ಕೇಳುತ್ತೇವೆ, ಅಷ್ಟೇ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನಾ ಇಲ್ಲವಾ ಅಂತ ಲೂಕ ಹೇಳುವುದಿಲ್ಲ. ನೀವೂ ಹೇಳಬೇಡಿ.

'ಸಂಕೇತ' ಪದ ಶೀರ್ಷಿಕೆಯಲ್ಲೂ ಬೇಡ. 1,500 ಪದ ಮೀರದಿರಲಿ. ವಚನಗಳ ಅಧ್ಯಾಯ, ಸಂಖ್ಯೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿ, ನಾನು ತಾಳೆ ನೋಡುತ್ತೇನೆ.

ನಿಮ್ಮ,
ಸಂಪಾದಕ