ಗಿರಾಕಿಯನ್ನು ಗಿರಾಕಿಯಾಗಿಯೇ ತೋರಿಸಿ

ಹಬ್ಬದ ದಿನಗಳು ಹತ್ತಿರವಾದಂತೆ ನನಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮರಳಿ ಮರಳಿ ಬರುತ್ತದೆ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಜವಳಿ ಅಂಗಡಿ. ಗಾಲಿಕುರ್ಚಿಯಲ್ಲಿ ಕುಳಿತ ಹುಡುಗಿಗೆ ನಾವು ಸೀರೆ ಉಡುಗೊರೆ ಕೊಡುವ ದೃಶ್ಯವನ್ನು ದೀಪಾವಳಿ ಜಾಹೀರಾತಿನಲ್ಲಿ ಇಡಬೇಕೆಂದಿದ್ದೇವೆ. ಪಾತ್ರಕ್ಕೆ ಕಿರುತೆರೆಯ ನಟಿಯೊಬ್ಬರು ಒಪ್ಪಿದ್ದಾರೆ. ಇದರಲ್ಲಿ ತಪ್ಪೇನಾದರೂ ಇದೆಯೇ?

ಉತ್ತರ: ಇದೆ. ನಿಮ್ಮ ಉದ್ದೇಶ ಒಳ್ಳೆಯದೆಂದು ನಂಬುತ್ತೇನೆ, ಆದರೂ ಈ ದೃಶ್ಯವನ್ನು ಕೈಬಿಡಿ. ನಿಮ್ಮಲ್ಲಿಗೆ ಬರುವ ಬೇರೆ ಹೆಣ್ಣುಮಕ್ಕಳು ಹತ್ತು ಸೀರೆ ಬಿಚ್ಚಿಸಿ, ಸೆರಗು ಹಿಡಿದು ನೋಡಿ, ಬಣ್ಣ ಬಿಡುತ್ತದೆಯೇ ಎಂದು ಕೇಳಿ, ಚೌಕಾಸಿ ಮಾಡಿ, ಕೊನೆಗೆ ಒಂದನ್ನೂ ಕೊಳ್ಳದೆ ಎದ್ದು ಹೋಗುವ ಹಕ್ಕುಳ್ಳವರು. ಗಾಲಿಕುರ್ಚಿ ಕಂಡೊಡನೆ ಆ ಹಕ್ಕು ಹೋಗಿ, ಕಣ್ಣೀರು ತುಂಬಿದ ಕಣ್ಣು ಮತ್ತು ಕೈಮುಗಿದ ಕೃತಜ್ಞತೆ ಮಾತ್ರ ಉಳಿಯುವುದೇಕೆ? 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರಲ್ಲಿ ಸಂಬಳ ತರುವವರಿದ್ದಾರೆ, ತಂಗಿಯ ಮದುವೆಗೆ ಜವಳಿ ತೆಗೆಯುವವರಿದ್ದಾರೆ. ಅಂಥ ಒಬ್ಬಾಕೆ ತನಗೆ ಬೇಕಾದ ಅಂಚನ್ನು ಹಟ ಹಿಡಿದು ಹುಡುಕಿಸುವುದನ್ನು ತೋರಿಸಿ. ಉಡುಗೊರೆಯ ಮಾತೇ ಬೇಡ.

2024ರ ಜುಲೈ 8ರಂದು ಸುಪ್ರೀಂ ಕೋರ್ಟ್, ದೃಶ್ಯಮಾಧ್ಯಮಗಳಲ್ಲಿ ಅಂಗವಿಕಲರ ಚಿತ್ರಣ ಹೇಗಿರಬೇಕೆಂದು ಮಾರ್ಗಸೂಚಿ ನೀಡಿದೆ. ಹೀಯಾಳಿಸುವ ಪದಗಳು ಸಲ್ಲವು, ಮೂಢನಂಬಿಕೆಗಳನ್ನು ಬಿತ್ತಬಾರದು, ಇನ್ನೊಂದು ತುದಿಗೆ ಹೋಗಿ ಅವರನ್ನು ಅತಿಮಾನುಷರನ್ನಾಗಿಯೂ ಮಾಡಬಾರದು, ಚಿತ್ರಣ ರೂಪಿಸುವಾಗ ಅಂಗವಿಕಲರೇ ಅದರಲ್ಲಿ ಪಾಲ್ಗೊಳ್ಳಬೇಕು ಎಂಬುದು ಅದರ ಸಾರ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ನಟಿಯ ವಿಚಾರಕ್ಕೆ ಬಂದರೆ, ಕಳೆದ ಇಪ್ಪತ್ತು ವರ್ಷಗಳಿಂದ ಗಾಲಿಕುರ್ಚಿಯಲ್ಲಿ ಓಡಾಡುವ ನನಗೆ ಇಂಥ ಜಾಹೀರಾತಿನ ಸುಳ್ಳು ಮೊದಲ ನೋಟಕ್ಕೇ ತಿಳಿಯುತ್ತದೆ. ಅದು ಆಸ್ಪತ್ರೆಯಿಂದ ತಂದ, ಯಾರ ಅಳತೆಗೂ ಹೊಂದದ ಕುರ್ಚಿ. ಕುಳಿತವರ ಮೊಣಕೈ ಕುರ್ಚಿಯ ಕೈಗಿಂತ ಮೇಲೆ ತೇಲುತ್ತಿರುತ್ತದೆ, ಪಾದಗಳು ಪಾದಫಲಕದಿಂದ ಜಾರಿರುತ್ತವೆ, ಕೈಗಳು ಚಕ್ರದ ಮೇಲಿರದೆ ಮಡಿಲಲ್ಲಿರುತ್ತವೆ, ಹಿಂದೆ ತಳ್ಳಲು ಯಾರೋ ನಿಂತಿರುತ್ತಾರೆ. ಅಂಧರ ಪಾತ್ರಕ್ಕೂ ಇದೇ ಗತಿ: ಕಪ್ಪು ಕನ್ನಡಕ ಹಾಕಿಸಿ, ಬಿಳಿ ಕೋಲನ್ನು ಊರುಗೋಲಿನಂತೆ ಊರಿಸುತ್ತಾರೆ. ನಿಜದಲ್ಲಿ ಬಲಗಾಲು ಮುಂದಾಗುವಾಗ ಕೋಲಿನ ತುದಿ ಎಡಕ್ಕೆ ತಾಗುತ್ತದೆ, ಎಡಗಾಲು ಮುಂದಾಗುವಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ನೆಲವನ್ನು ಕೋಲು ಮೊದಲೇ ತಡವಿ ನೋಡಿರುತ್ತದೆ. ಇದನ್ನು ಒಂದು ಮಧ್ಯಾಹ್ನದಲ್ಲಿ ಯಾರಿಗೂ ಕಲಿಸಲಾಗದು. ಗಾಲಿಕುರ್ಚಿ ಬಳಸುವ ಯುವತಿಯನ್ನೇ ಕರೆಯಿರಿ.

ಆಕೆ ಬಂದರೆ ಒಳಗೆ ಹೇಗೆ ಬರುತ್ತಾಳೆ? ಈ ಪತ್ರಗಳಲ್ಲಿ ಯಾರೂ ಬರೆಯದ ಸಂಗತಿ ಇದು, ನನ್ನ ತಾಳ್ಮೆ ಕೆಡುವುದೂ ಇಲ್ಲಿಯೇ. ಬಾಗಿಲಿಗೆ ಆರಾರು ಇಂಚಿನ ಮೂರು ಮೆಟ್ಟಿಲುಗಳಿದ್ದರೆ ಒಟ್ಟು ಎತ್ತರ ಒಂದೂವರೆ ಅಡಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ಲೆಕ್ಕದಲ್ಲಿ ಹದಿನೆಂಟು ಅಡಿಯ ರ‍್ಯಾಂಪ್ ಬೇಕು. ಮೆಟ್ಟಿಲ ಮೇಲೆ ಹಲಗೆ ಒರಗಿಸಿ ಅದನ್ನು ರ‍್ಯಾಂಪ್ ಎನ್ನಬೇಡಿ. ಅದರ ಮೇಲಿಂದ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ನಾನು ಹಾಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೇನೆ. ಬಟ್ಟೆ ಹಾಕಿ ನೋಡುವ ಕೋಣೆಯ ಬಾಗಿಲು ಮೂರು ಅಡಿ ಅಗಲವಿರಲಿ. ಜಾಹೀರಾತಿನ ಖರ್ಚಿನಲ್ಲಿ ಮೊದಲ ಪಾಲು ಇದಕ್ಕೆ ಹೋಗಲಿ, ಚಿತ್ರೀಕರಣ ಯುಗಾದಿಗೆ ಮುಂದೆ ಹೋದರೂ ಸರಿ. ಆಮೇಲೆ ಮಾತುಗಳನ್ನು ಕಿವುಡರಿಗಾಗಿ ತೆರೆಯ ಮೇಲೆ ಬರೆಸಿ, ತೆರೆಯ ಮೇಲಿನ ಬೆಲೆಯನ್ನು ಅಂಧರಿಗಾಗಿ ಬಾಯಿಬಿಟ್ಟು ಹೇಳಿಸಿ.

ಪ್ರಶ್ನೆ: ನಮ್ಮ ಅಂಗಡಿಗೆ ಅಂಥವರು ಬರುವುದೇ ಇಲ್ಲವಲ್ಲ?

ಉತ್ತರ: ಮೇಲಿನ ಮೆಟ್ಟಿಲುಗಳ ಲೆಕ್ಕವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ಅಂಗವಿಕಲ, ವಿಕಲಚೇತನ, ದಿವ್ಯಾಂಗ – ಯಾವುದನ್ನು ಬಳಸಬೇಕು?

ಉತ್ತರ: ಎದುರಿಗಿರುವವರನ್ನು ಕೇಳಿ, ಅವರ ಹೆಸರು ಹಿಡಿದು ಕರೆಯಿರಿ. ನಾನು ‘ಅಂಗವಿಕಲ’ ಎನ್ನುತ್ತೇನೆ. ನನ್ನ ಚೇತನ ವಿಕಲವಾಗಿಲ್ಲ, ನನ್ನ ಕಾಲಿನಲ್ಲಿ ದೈವತ್ವವೂ ಇಲ್ಲ.

ಪ್ರಶ್ನೆ: ಗರ್ಭಿಣಿಯರು ಇಂಥ ಜಾಹೀರಾತು ನೋಡಿದರೆ ಮಗುವಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಹುಟ್ಟು ಕಿವುಡು ಮತ್ತು ಪಾರ್ಶ್ವವಾಯುವನ್ನು ಗುಣಪಡಿಸುವ ಎಣ್ಣೆಯ ಜಾಹೀರಾತು ನೋಡಿದೆವು. ಮಗನಿಗೆ ತರಿಸಬಹುದೇ?

ಉತ್ತರ: ತರಿಸಬೇಡಿ. ಕುರುಡು, ಕಿವುಡು, ಪಾರ್ಶ್ವವಾಯುಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಹೋಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಂದೆತಾಯಿಯರ ಸಂಕಟ ನನಗೆ ಅರ್ಥವಾಗುತ್ತದೆ. ಅದೇ ಸಂಕಟವನ್ನು ಶೀಶೆಗೆ ತುಂಬಿ ಮಾರುವವರನ್ನು ಕ್ಷಮಿಸಲಾರೆ. ಮಗನನ್ನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ, ಈ ವಾರವೇ ಹೋಗಿ; ಮಾತು ಕಲಿಯುವ ವಯಸ್ಸು ಎಣ್ಣೆಯ ಶೀಶೆ ಖಾಲಿಯಾಗುವವರೆಗೆ ಕಾಯುವುದಿಲ್ಲ.

ಪ್ರಶ್ನೆ: ಜಾಹೀರಾತಿನಲ್ಲಿ ನಟಿಸುವ ಅಂಗವಿಕಲರಿಗೆ ಸಂಭಾವನೆ ಕೊಡಬೇಕೇ, ಅವಕಾಶ ಕೊಟ್ಟಿದ್ದೇ ಸಾಲದೇ?

ಉತ್ತರ: ಬೇರೆ ಕಲಾವಿದರಿಗೆ ಕೊಡುವಷ್ಟನ್ನೇ ಕೊಡಿ, ಮತ್ತು ಚಿತ್ರೀಕರಣದ ಜಾಗದಲ್ಲಿ ಅವರು ಬಳಸಬಹುದಾದ ಶೌಚಾಲಯ ಇದೆಯೇ ಎಂದು ಹಿಂದಿನ ದಿನವೇ ಹೋಗಿ ನೋಡಿ.