ಪ್ರದರ್ಶನ ಮಂಟಪಗಳು ಮತ್ತು ಡಿಜಿಟಲ್ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರದರ್ಶನಗಳಿಗೆ ಹೋದಾಗ ಅಲ್ಲಿನ ಮಂಟಪಗಳ ಚಿತ್ರ ತೆಗೆಯುತ್ತೇನೆ. ಮನೆಗೆ ಬಂದು ನೋಡಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆಯೂ ಮೇಲೆ ಹೋದಂತೆಲ್ಲ ಕಿರಿದಾದಂತೆಯೂ ಕಾಣುತ್ತದೆ. ಇದು ಲೆನ್ಸಿನ ದೋಷವೇ?

ಉತ್ತರ: ಲೆನ್ಸಿನ ದೋಷವಲ್ಲ. ಕಟ್ಟಡದ ತುದಿಯೂ ಚೌಕಟ್ಟಿನೊಳಗೆ ಬರಲೆಂದು ನೀವು ಕ್ಯಾಮೆರಾವನ್ನು ಮೇಲ್ಮುಖವಾಗಿ ಹಿಡಿದಿರುತ್ತೀರಿ. ಒಳಗಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಗೋಡೆಗೆ ಸಮಾನಾಂತರವಾಗಿರುವ ತನಕ ಮಾತ್ರ ನೆಟ್ಟಗಿನ ಗೆರೆಗಳು ಚಿತ್ರದಲ್ಲಿಯೂ ನೆಟ್ಟಗಿರುತ್ತವೆ. ಕ್ಯಾಮೆರಾ ಸ್ವಲ್ಪ ಬಾಗಿದರೂ ಅವು ಒಂದರತ್ತ ಇನ್ನೊಂದು ಸರಿಯತೊಡಗುತ್ತವೆ. ಆದ್ದರಿಂದ ಮೊದಲು ಕ್ಯಾಮೆರಾದ ಪರದೆಯಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿಕೊಳ್ಳಿ, ಸಾಧ್ಯವಾದಷ್ಟು ಹಿಂದೆ ಸರಿಯಿರಿ, ಎದುರಿಗೆ ಮೆಟ್ಟಿಲೋ ಬಾಲ್ಕನಿಯೋ ಇದ್ದರೆ ಕಟ್ಟಡದ ಅರ್ಧ ಎತ್ತರಕ್ಕೆ ಏರಿ ಅಲ್ಲಿಂದ ತೆಗೆಯಿರಿ. ಕ್ಯಾಮೆರಾವನ್ನು ಬಾಗಿಸದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಲ್ಲ ಶಿಫ್ಟ್ ಲೆನ್ಸ್ ಇದೇ ಕೆಲಸಕ್ಕೆಂದು ಇರುವ ಸಾಧನ, ಆದರೆ ದುಬಾರಿ. ಹೆಚ್ಚಿನವರಿಗೆ ಸಾಫ್ಟ್‌ವೇರ್‌ನಲ್ಲಿ ತಿದ್ದಿಕೊಳ್ಳುವುದೇ ಸಾಕು. ಹಾಗೆ ತಿದ್ದುವಾಗ ಅಂಚುಗಳು ಕತ್ತರಿಸಿಹೋಗುವುದರಿಂದ ಕಟ್ಟಡದ ಸುತ್ತ ಧಾರಾಳವಾಗಿ ಜಾಗ ಬಿಟ್ಟೇ ತೆಗೆಯಬೇಕು.

ಪ್ರಶ್ನೆ: ಒಳಾಂಗಣದ ಚಿತ್ರಗಳಲ್ಲಿ ಕಿಟಕಿಗಳು ಬರಿ ಬಿಳಿಯಾಗುತ್ತವೆ, ಮೂಲೆಗಳು ಕಪ್ಪಾಗುತ್ತವೆ. ಬಣ್ಣವೂ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಏನು ಮಾಡಲಿ?

ಉತ್ತರ: ಇಲ್ಲಿ ಎರಡು ತೊಡಕುಗಳು ಬೆರೆತಿವೆ. ಬೆಳಕಿನ ಅಂತರದ ತೊಡಕಿಗೆ ಪರಿಹಾರ ಸುಲಭ: ಕ್ಯಾಮೆರಾವನ್ನು ಅಲುಗದಂತೆ ಇರಿಸಿ, ಲೆನ್ಸಿನ ರಂಧ್ರವನ್ನು ಎಫ್/8ಕ್ಕೆ ಇಟ್ಟು, ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಮೂರು ಎಕ್ಸ್‌ಪೋಶರ್‌ಗಳನ್ನು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಿಕೊಳ್ಳಿ. ಕೂಡಿಸುವಾಗ ಕೈ ಬಿಗಿಹಿಡಿಯಿರಿ. ನೆರಳೇ ಇಲ್ಲದ ಕೋಣೆ ಕೋಣೆಯಂತೆ ಕಾಣುವುದಿಲ್ಲ.

ಬಣ್ಣದ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಕಿಟಕಿಯಿಂದ ಬರುವ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ದೀಪದ ಬೆಳಕು ಸುಮಾರು 3000 (ಬೆಳಕಿನ ಬಣ್ಣದ ಅಳತೆಯಿದು, ಸಂಖ್ಯೆ ಏರಿದಂತೆ ನೀಲಿಯತ್ತ). ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಒಂದಕ್ಕೆ ಮಾತ್ರ. ಆದ್ದರಿಂದ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿಯೇ ತೆಗೆಯಿರಿ; ಪ್ರದರ್ಶನದ ವಸ್ತುಗಳ ಮೇಲೆ ಬೀಳುವ ಬೆಳಕಿನಲ್ಲಿ ಬೂದು ಬಣ್ಣದ ಕಾರ್ಡೊಂದನ್ನು ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಂಡು, ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವುದು ಬಿಳಿ ಎಂಬ ಲೆಕ್ಕವನ್ನು, ಅದಕ್ಕೆ ಹೊಂದಿಸಿ. ಕಿಟಕಿಯ ಅಂಚು ತುಸು ನೀಲಿಯಾಗಿ ಉಳಿದರೆ ಉಳಿಯಲಿ, ಅದು ಸಹಜ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1929ರ ಬಾರ್ಸಿಲೋನಾ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋಹೆ ವಿನ್ಯಾಸಗೊಳಿಸಿದ ಜರ್ಮನ್ ಮಂಟಪವನ್ನು 1930ರಲ್ಲಿ ಕೆಡವಿದರು. ಮುಂದೆ ಅರ್ಧ ಶತಮಾನ ಜಗತ್ತು ಅದನ್ನು ಬಲ್ಲದ್ದು ಮುಖ್ಯವಾಗಿ ಕಪ್ಪುಬಿಳುಪು ಛಾಯಾಚಿತ್ರಗಳಿಂದ; 1986ರಲ್ಲಿ ಅದೇ ಜಾಗದಲ್ಲಿ ಮಂಟಪವನ್ನು ಮರಳಿ ಕಟ್ಟಿ ಮುಗಿಸಿದಾಗಲೇ ಹಸಿರು ಅಮೃತಶಿಲೆಯ, ಜೇನುಬಣ್ಣದ ಓನಿಕ್ಸ್ ಕಲ್ಲಿನ ಗೋಡೆಯ ಹೊಳಪು ಹೊಸ ತಲೆಮಾರಿನ ಕಣ್ಣಿಗೆ ಬಿದ್ದದ್ದು. ಪ್ರದರ್ಶನದ ಕಟ್ಟಡಕ್ಕೆ ಆಯುಸ್ಸು ಕಡಿಮೆ. ಬಿಚ್ಚಿಟ್ಟ ಮೇಲೆ ಅದರ ಗೋಡೆಯ ಬಣ್ಣಕ್ಕೆ ನಿಮ್ಮ ಕಡತವೇ ಸಾಕ್ಷಿಯಾಗಿ ಉಳಿಯಬಹುದು.

ಎಲ್‌ಇಡಿ ದೀಪಗಳ ಬಗ್ಗೆಯೂ ಒಂದು ಮಾತು. ಒಮ್ಮೆ ನಾನು ಒಂದು ಸಭಾಂಗಣದ ನಲವತ್ತು ಚಿತ್ರಗಳನ್ನು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಿಂದ ತೆಗೆದು ಬಂದೆ. ದೊಡ್ಡ ಪರದೆಯಲ್ಲಿ ನೋಡಿದರೆ ಬಿಳಿ ಗೋಡೆಯ ಮೇಲೆ ಅಡ್ಡಡ್ಡಲಾಗಿ ಮಸುಕು ಪಟ್ಟೆಗಳಿದ್ದವು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ; ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟೆಗಳಾಗುತ್ತದೆ. ಮೆಕ್ಯಾನಿಕಲ್ ಶಟರ್ ಬಳಸಿ, ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟು, ಮೊದಲ ಚಿತ್ರವನ್ನು ಹಿಗ್ಗಿಸಿ ನೋಡಿಯೇ ಮುಂದುವರಿಯಿರಿ.

ಪ್ರಶ್ನೆ: ಟ್ರೈಪಾಡ್ ಬಿಡುವುದಿಲ್ಲ, ಜನಸಂದಣಿ ಬೇರೆ. ಜನರಿಲ್ಲದ ಚಿತ್ರ ಹೇಗೆ ತೆಗೆಯುವುದು?

ಉತ್ತರ: ಕಟಕಟೆಯ ಮೇಲೋ ಬೆಂಚಿನ ಮೇಲೋ ಕ್ಯಾಮೆರಾ ಇರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಬೆಳಕನ್ನು ತಗ್ಗಿಸುವ ಗಾಜಾದ ಎನ್‌ಡಿ ಫಿಲ್ಟರನ್ನು ಲೆನ್ಸಿಗೆ ತೊಡಿಸಿ ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟರೆ ನಡೆಯುತ್ತಿರುವವರು ಅಳಿಸಿಹೋಗುತ್ತಾರೆ, ನಿಂತವರು ಉಳಿಯುತ್ತಾರೆ. ಆದರೆ ಎಲ್ಲರನ್ನೂ ಅಳಿಸಬೇಡಿ ಎಂಬುದು ನನ್ನ ಕೋರಿಕೆ. 1851ರ ಲಂಡನ್ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸಗೊಳಿಸಿದ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸಿನ ಚಿತ್ರಗಳಲ್ಲಿ ಗಾಜಿನ ಚಾವಣಿಯ ಎತ್ತರ ನಮಗೆ ತಟ್ಟುವುದು, ಅದರಡಿ ಹಾಗೆಯೇ ಉಳಿಸಿಕೊಂಡ ದೊಡ್ಡ ಎಲ್ಮ್ ಮರಗಳನ್ನೂ ಅವುಗಳ ಬುಡದಲ್ಲಿ ಚುಕ್ಕೆಗಳಂತೆ ಕಾಣುವ ಜನರನ್ನೂ ನೋಡಿದಾಗ. ದೂರದ ಕಂಬದ ಬಳಿ ಒಬ್ಬರು ನಿಂತಿದ್ದರೆ ಅವರು ಸರಿಯುವ ಮುನ್ನವೇ ಗುಂಡಿ ಒತ್ತಿ.