ನೀರು ನಿಂತ ಬೀದಿ ಬಿಡಿ, ಕೆಳಗಿನ ಮೋರಿ ನೋಡಿ

ಮಂಗಳೂರಿನ ತಗ್ಗು ಬಡಾವಣೆಯೊಂದರ ಓದುಗರು ಬರೆದ ಪತ್ರದ ಸಾರ ಇದು: “ಜೂನ್ ಬಂತೆಂದರೆ ನಮ್ಮ ಅಡ್ಡರಸ್ತೆಯಲ್ಲಿ ಮೊಣಕಾಲು ನೀರು. ಪತ್ರಿಕೆಯವರು ‘ಕೃತಕ ನೆರೆ’ ಎಂದು ಫೋಟೊ ಹಾಕುತ್ತೀರಿ, ಮರುದಿನ ಮರೆಯುತ್ತೀರಿ. ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ. ಜೆಸಿಬಿ ಬರುತ್ತದೆ, ಎರಡು ಗಂಟೆ ಕೆರೆದು ಹೋಗುತ್ತದೆ. ತೋಡಿನ (ಮಳೆನೀರು ಹರಿಯುವ ಸಣ್ಣ ಹಳ್ಳದ) ಎರಡೂ ಬದಿಗೆ ತಡೆಗೋಡೆ ಕಟ್ಟಿ ತಳಕ್ಕೆ ಕಾಂಕ್ರೀಟ್ ಹಾಕಿದರೆ ಎಲ್ಲ ಮುಗಿಯುತ್ತದೆ. ಇದನ್ನು ನೀವು ಯಾಕೆ ಬರೆಯುವುದಿಲ್ಲ?”

ಮಾನ್ಯರೇ,

ಪತ್ರಿಕೆಯವರ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿದೆ. ‘ಕೃತಕ ನೆರೆ’ ನಮ್ಮ ಕರಾವಳಿಯ ತಲೆಬರಹಗಳಿಗೆ ತೀರಾ ಸಲೀಸಾಗಿ ಒದಗುವ ಮಾತು. ಇದು ಮಳೆಯ ತಪ್ಪಲ್ಲ ಎಂದು ಹೇಳಿಬಿಡುತ್ತದೆ, ಹಾಗಾದರೆ ಯಾವ ಜಾಗದ ತಪ್ಪು ಎಂದು ಕೇಳಿದರೆ ಸುಮ್ಮನಾಗುತ್ತದೆ. 2018ರ ಮೇ 29ರಂದು ನಗರದ ಹಲವು ಬಡಾವಣೆಗಳಿಗೆ ನೀರು ನುಗ್ಗಿದಾಗಲೂ ನಮ್ಮಂಥವರು ಹೆಚ್ಚಾಗಿ ಅಚ್ಚು ಹಾಕಿದ್ದು ನೀರು ನಿಂತ ಕಡೆಯ ಚಿತ್ರಗಳನ್ನೇ. ನೀರನ್ನು ತಡೆದು ನಿಲ್ಲಿಸಿದ ಮೋರಿಯ, ಅಂದರೆ ರಸ್ತೆಯಡಿ ನೀರು ದಾಟುವ ಕಿಂಡಿಯ, ಫೋಟೊಕ್ಕೆ ಮೊದಲ ಪುಟದಲ್ಲಿ ಜಾಗ ಸಿಗುವುದು ಕಷ್ಟ. ನೋಡಲು ಅದರಲ್ಲಿ ಏನೂ ಇರುವುದಿಲ್ಲ.

ಆದರೆ ನಿಮ್ಮ ಅರ್ಜಿಗಳಲ್ಲೂ ಇದೇ ದೋಷ ಇದೆ. ಲಗತ್ತಿಸಿದ ಮೂರೂ ಪ್ರತಿಗಳನ್ನು ಓದಿದೆವು. “ನಮ್ಮ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಸರಿಪಡಿಸಿ” ಎಂದಷ್ಟೇ ಇದೆ. ಇಂಥ ಅರ್ಜಿ ಹಿಡಿದುಕೊಂಡು ಎಂಜಿನಿಯರ್ ನಿಮ್ಮ ರಸ್ತೆಗೇ ಬರುತ್ತಾರೆ, ಜೆಸಿಬಿಯನ್ನೂ ಅಲ್ಲಿಗೇ ಕಳಿಸುತ್ತಾರೆ. ಆದರೆ ನೀರು ಹೋಗುವ ಗಂಟಲು ಕಟ್ಟಿರುವುದು ಇನ್ನೂರೋ ಮುನ್ನೂರೋ ಮೀಟರ್ ಕೆಳಗೆ, ಬೇರೆಯವರ ಗೇಟಿನ ಮುಂದೆ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಮಿ.ಮೀ. ಮಳೆ ನಮ್ಮೂರಿಗೆ ಹೊಸದಲ್ಲ. ಅಷ್ಟು ಮಳೆ 10 ಸೆಂಟ್ಸ್ ಜಾಗದ ಮೇಲೆ ಬಿದ್ದರೆ 20,000 ಲೀಟರ್ ನೀರು. ಮೊದಲಾದರೆ ಗುಡ್ಡೆಯ ಮುರಕಲ್ಲು (ಜಂಬಿಟ್ಟಿಗೆ), ಹುಲ್ಲು, ಕೆಳಗಿನ ಬೈಲುಗದ್ದೆ ಸೇರಿ ಅದರಲ್ಲಿ ಒಂದು ಪಾಲನ್ನು ಕುಡಿದು, ಉಳಿದದ್ದನ್ನು ನಿಧಾನಕ್ಕೆ ತೋಡಿಗೆ ಬಿಡುತ್ತಿದ್ದವು. ಈಗ ಗದ್ದೆಗೆ ಮಣ್ಣು ಬಿದ್ದಿದೆ, ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ನಿಮ್ಮ ತೋಡಿಗೆ ಮೇಲಿನ 10 ಎಕರೆ ಜಾಗದ ನೀರು ಬರುತ್ತದೆ, ಒಂದು ಹನಿಯೂ ಇಂಗುವುದಿಲ್ಲ ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 555 ಲೀಟರ್ ಆಯಿತು. ಒಂದು ಮೀಟರ್ ಅಗಲದ ಚರಂಡಿಯಲ್ಲಿ ಅರ್ಧ ಮೀಟರ್ ಎತ್ತರಕ್ಕೆ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಓಡಿದರೆ 500 ಲೀಟರ್ ಸಾಗುತ್ತದೆ. ಹೆಚ್ಚುಕಡಿಮೆ ಸಾಕು. ತಳದಲ್ಲಿ 20 ಸೆಂ.ಮೀ. ಹೂಳು ಕೂತಿದ್ದರೆ ಸಾಗುವುದು 300 ಲೀಟರ್ ಮಾತ್ರ. ಉಳಿದದ್ದು ರಸ್ತೆಗೇರುತ್ತದೆ. 6 ಮೀಟರ್ ಅಗಲ, 200 ಮೀಟರ್ ಉದ್ದದ ರಸ್ತೆಯಲ್ಲಿ ಹತ್ತೇ ನಿಮಿಷಕ್ಕೆ ಐದು ಇಂಚು ನೀರು. ನಿಮ್ಮ ಅಂಗಳಕ್ಕೆ ನುಗ್ಗಲು ಇಡೀ ರಾತ್ರಿ ಮಳೆ ಬರಬೇಕೆಂದೇನೂ ಇಲ್ಲ.

ಹಾಗಾದರೆ ಗಂಟಲು ಎಲ್ಲಿದೆ ಎಂದು ಹುಡುಕುವುದು ಹೇಗೆ? ಜೋರು ಮಳೆಯ ನಡುವೆಯೇ ನೋಡಬೇಕು. ಆದರೆ ತೋಡಿಗೆ ಇಳಿಯಬೇಡಿ, ನೀರು ತುಂಬಿದ ರಸ್ತೆಯಲ್ಲಿ ಚರಂಡಿಯ ಬದಿಗೆ ಕಾಲಿಡಲೂ ಬೇಡಿ. ಸ್ಲ್ಯಾಬ್ ಎಲ್ಲಿ ಕಿತ್ತುಹೋಗಿದೆ ಎಂದು ಕಾಣುವುದಿಲ್ಲ. ಹರಿವಿನ ದಿಕ್ಕಿನಲ್ಲಿ ಕೆಳಗೆ ಹೋಗಿ, ಸಿಗುವ ಪ್ರತಿ ಮೋರಿಯ ಬಳಿ ರಸ್ತೆಯ ಮೇಲೆ ನಿಂತು ಮೇಲ್ಬದಿಯ ನೀರಿನ ಮಟ್ಟ, ಕೆಳಬದಿಯ ಮಟ್ಟ ಎರಡನ್ನೂ ನೋಡಿ. ಮೇಲ್ಬದಿಯಲ್ಲಿ ನೀರು ತುಂಬಿ ನಿಂತಿದ್ದು, ಕೆಳಬದಿಯಲ್ಲಿ ಒಂದಡಿ ತಗ್ಗಿ ಜೋರಾಗಿ ಓಡುತ್ತಿದ್ದರೆ ಸಿಕ್ಕಿತು, ಅದೇ ಮೋರಿ. ಎರಡೂ ಬದಿಯ ಮಟ್ಟ ಒಂದೇ ಇದ್ದು ನೀರು ಮೆತ್ತಗೆ ಚಲಿಸುತ್ತಿದ್ದರೆ ಅಡ್ಡಿ ಇನ್ನೂ ಕೆಳಗಿದೆ, ಮುಂದೆ ನಡೆಯಿರಿ. ಎರಡೂ ಬದಿಯ ಫೋಟೊ ತೆಗೆದು, ಸಮಯ ಬರೆದಿಡಿ.

ಸಮಯ ಯಾಕೆಂದರೆ ಉಬ್ಬರ ಇದೆ. ಗುರುಪುರ ನದಿ, ನೇತ್ರಾವತಿ ಎರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುವುದು. ಉಬ್ಬರದ ಹೊತ್ತಿಗೆ ನದಿಯ ನೀರೇ ಏರಿ ತೋಡಿನ ಬಾಯಿಗೆ ಎದುರಾಗುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಏರುವುದು ಹೆಚ್ಚು. ಮಳೆ ನಿಂತ ಮೇಲೂ ಎರಡು ಮೂರು ಗಂಟೆ ನೀರು ಅಲ್ಲಾಡದೆ ಆಮೇಲೆ ತಾನಾಗಿ ಇಳಿದರೆ ಉಬ್ಬರದ ಕೈವಾಡವಿರಬಹುದು. ಅಂಥ ಕಡೆ ಎಷ್ಟು ಹೂಳೆತ್ತಿದರೂ ಪೂರ್ತಿ ಗುಣ ಕಾಣದು. ಉಬ್ಬರದ ಹೊತ್ತಿನ ನೀರು ಹಿಡಿದಿಟ್ಟುಕೊಳ್ಳಲು ಕೆಳಗೆ ತಗ್ಗು ಜಾಗ ಬೇಕು. ಆ ಜಾಗ ಈ ಮೊದಲು ಬೈಲಾಗಿತ್ತು.

ಮೋರಿ ಸಿಕ್ಕಿದ ಮೇಲೆ, ಮಳೆ ಮುಗಿದು ತೋಡಿನ ನೀರು ಇಳಿದ ಕೂಡಲೇ, ಟೇಪು ಹಿಡಿದು ಮತ್ತೆ ಹೋಗಿ. ಕಂಡಿಯ ಅಗಲ, ಚಪ್ಪಡಿಯ ಅಡಿಯಿಂದ ಹೂಳಿನವರೆಗಿನ ಎತ್ತರ, ಮೇಲೆ ಕೆಳಗೆ ತೋಡಿನ ಅಗಲ ಬರೆದುಕೊಳ್ಳಿ. ಮುಖ್ಯವಾಗಿ ಅಡ್ಡ ಹಾದ ಪೈಪ್ ಇದೆಯೇ ನೋಡಿ. ಕುಡಿಯುವ ನೀರಿನದೋ ಒಳಚರಂಡಿಯದೋ ಒಂದಡಿ ವ್ಯಾಸದ ಪೈಪನ್ನು ಮೋರಿಯ ಕಂಡಿಯೊಳಗೇ ದಾಟಿಸಿದ್ದರೆ ಅದು ಆಕ್ರಮಿಸುವ ಜಾಗ ಲೆಕ್ಕದಲ್ಲಿ ಮೂರರಲ್ಲೊಂದು ಪಾಲು ಇರಬಹುದು. ಕೆಡುಕು ಅದಕ್ಕಿಂತ ದೊಡ್ಡದು. ಮೊದಲ ಮಳೆಗೆ ತೇಲಿ ಬರುವ ತೆಂಗಿನ ಮಡಲು ಪೈಪಿಗೆ ಅಡ್ಡ ಕೂರುತ್ತದೆ, ಮಡಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತದೆ, ಅದರ ಹಿಂದೆ ಬೊಂಡದ ಚಿಪ್ಪುಗಳು ಬಂದು ಸಾಲುಗಟ್ಟುತ್ತವೆ. ಅರ್ಧ ಗಂಟೆಯಲ್ಲಿ ಅಲ್ಲೊಂದು ಕಟ್ಟ ತಯಾರು. ಜೆಸಿಬಿಯ ಬಕೆಟ್ ಚಪ್ಪಡಿಯ ಅಡಿಗೆ ಹೋಗುವುದಿಲ್ಲವಾದ್ದರಿಂದ ಮೋರಿಯ ಎರಡೂ ಬದಿ ಚೊಕ್ಕಟವಾಗಿದ್ದು, ಹೊಟ್ಟೆ ಮಾತ್ರ ತುಂಬಿಯೇ ಇರುತ್ತದೆ.

ನಿಮ್ಮ ತಡೆಗೋಡೆಯ ಸಲಹೆಗೆ ನಮ್ಮ ಸಹಮತವಿಲ್ಲ. ದಂಡೆ ಕುಸಿಯುವ ಕಡೆ ಗೋಡೆ ಬೇಕು, ಸರಿ. ಆದರೆ ಇರುವ ತೋಡಿನೊಳಗೇ ಎರಡೂ ಬದಿ ಒಂದೊಂದು ಅಡಿಯ ಗೋಡೆ ಎಬ್ಬಿಸಿದರೆ ಆರಡಿ ತೋಡು ನಾಲ್ಕಡಿ ಆಗುತ್ತದೆ. ತಳಕ್ಕೆ ಕಾಂಕ್ರೀಟ್ ಹಾಕಿದರೆ ನೀರು ಇನ್ನಷ್ಟು ರಭಸದಿಂದ ಓಡಿ ಹೋಗಿ ಅದೇ ಇಕ್ಕಟ್ಟಾದ ಮೋರಿಗೆ ಬಡಿಯುತ್ತದೆ, ನೆರೆ ನಿಮ್ಮ ಬೀದಿಯಿಂದ ಪಕ್ಕದ ಬೀದಿಗೆ ವರ್ಗವಾಗುತ್ತದೆ. ಗೋಡೆ ಕೇಳುವ ಮೊದಲು ಸರ್ವೆ ನಕ್ಷೆಯಲ್ಲಿ ತೋಡು ಪರಂಬೋಕಿನ (ತೋಡಿಗೆಂದು ಬಿಟ್ಟ ಸರಕಾರಿ ಜಾಗದ) ಅಗಲ ಎಷ್ಟಿದೆ ಎಂದು ತೆಗೆಸಿ ನೋಡಿ. ನಕ್ಷೆಯ ಅಗಲಕ್ಕೂ ನಿಮ್ಮ ಟೇಪಿನ ಅಗಲಕ್ಕೂ ಇರುವ ವ್ಯತ್ಯಾಸ ಯಾರ ಕಂಪೌಂಡಿನೊಳಗೆ ಸೇರಿದೆ ಎಂಬುದು ಅಲ್ಲಿಗೆ ತಿಳಿಯುತ್ತದೆ. ಒಮ್ಮೆ ಗೋಡೆ ಎದ್ದರೆ ಆ ಒತ್ತುವರಿಗೆ ಸರಕಾರಿ ಖರ್ಚಿನಲ್ಲೇ ಬೇಲಿ ಹಾಕಿಕೊಟ್ಟಂತೆ.

ಮ್ಯಾನ್‌ಹೋಲ್ ಉಕ್ಕುವ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಚಾವಣಿಯ ನೀರಿನ ಪೈಪನ್ನು ಒಳಚರಂಡಿಯ ಚೇಂಬರಿಗೆ ಸೇರಿಸಿದ ಮನೆಗಳು ನಿಮ್ಮ ಸಾಲಿನಲ್ಲಿ ಎಷ್ಟಿವೆ ಎಂದು ಎಣಿಸಿ. ಸಾವಿರ ಚದರಡಿಯ ಒಂದು ಚಾವಣಿ 50 ಮಿ.ಮೀ. ಮಳೆಗೆ 4,600 ಲೀಟರ್ ಸುರಿಯುತ್ತದೆ. ಆ ಕೊಳವೆಯನ್ನು ಇಟ್ಟದ್ದು ಅಡುಗೆಮನೆ, ಬಚ್ಚಲಿನ ನೀರಿಗೆ. ಚಾವಣಿ ನೀರನ್ನು ಬಾವಿಗೆ ಬಿಡಿ: 200 ಲೀಟರಿನ ಡ್ರಮ್ಮಿನಲ್ಲಿ ತಳಕ್ಕೆ 40 ಎಂ.ಎಂ. ಜಲ್ಲಿ, ಮೇಲೆ 20 ಎಂ.ಎಂ. ಜಲ್ಲಿ, ಇದ್ದಲು, ದಪ್ಪ ಮರಳು, ನಡುನಡುವೆ ನೈಲಾನ್ ಬಲೆ. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟು ಆಮೇಲೆ ಡ್ರಮ್ಮಿಗೆ ತಿರುಗಿಸಿ. ಆದರೆ ಇದರಿಂದ ಜುಲೈ ನೆರೆ ತಪ್ಪುತ್ತದೆ ಎಂದು ನಂಬಬೇಡಿ. ಆ ಹೊತ್ತಿಗೆ ನಮ್ಮ ಮುರಕಲ್ಲಿನ ಬಾವಿಗಳು ಕೈಗೆಟಕುವಷ್ಟು ತುಂಬಿರುತ್ತವೆ. ಜೂನ್ ಮೊದಲ ವಾರಗಳಿಗೆ, ಹಿಂಗಾರಿನ ಮಳೆಗೆ, ಮತ್ತೆ ಏಪ್ರಿಲ್‌ನ ನೀರಿಗೆ ಅದರ ಉಪಯೋಗ.

ಇನ್ನು ಅರ್ಜಿ. ಜೂನ್‌ನಲ್ಲಿ ಕೊಟ್ಟ ಅರ್ಜಿಗೆ ಜೆಸಿಬಿಗಿಂತ ಹೆಚ್ಚಿನದು ಸಿಗುವುದಿಲ್ಲ. ಅಂದಾಜುಪಟ್ಟಿ, ಟೆಂಡರ್, ಕಾರ್ಯಾದೇಶ ಆಗಿ ಮೋರಿ ಒಡೆದು ಕಟ್ಟಬೇಕಾದರೆ ಮಳೆ ಮುಗಿದ ಕೂಡಲೇ, ಅಕ್ಟೋಬರ್ ನವೆಂಬರ್‌ನಲ್ಲೇ ಕೊಡಬೇಕು. ಒಂದು ಅರ್ಜಿಯಲ್ಲಿ ಒಂದೇ ಮೋರಿ: ಅದರ ಗುರುತು, ಅಳತೆ, ಮಳೆಗಾಲದ ಎರಡು ಫೋಟೊ, “ಅಡ್ಡ ಪೈಪ್ ಕೆಳಗಿಳಿಸಿ, ಕಂಡಿ ಇಷ್ಟು ಅಗಲಿಸಿ” ಎಂಬ ಬೇಡಿಕೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನದ 243-ಎಸ್ ವಿಧಿ ವಾರ್ಡ್ ಸಮಿತಿ ಬೇಕೆನ್ನುತ್ತದೆ, ನಿಮ್ಮ ವಾರ್ಡಿನ ಸಮಿತಿ ಸೇರುತ್ತಿದ್ದರೆ ಅಲ್ಲಿಯೂ ಇದೇ ಹಾಳೆ ಇಡಿ.

ಹೂಳೆತ್ತಿದ್ದಾರೋ ಇಲ್ಲವೋ ಎಂಬ ನಿಮ್ಮ ಸಂಶಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ನಿಮ್ಮ ಪತ್ರದ ಶೈಲಿ ನೋಡಿದರೆ ಈ ಎರಡನೆಯದೇ ನಿಮಗೆ ಕಷ್ಟ! “ಯಾಕೆ ಮಾಡಿಲ್ಲ” ಎಂದು ಕೇಳಬೇಡಿ, ದಾಖಲೆ ಕೇಳಿ: ಆ ತೋಡಿನ ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಮಾಡಿದ ಕೆಲಸವನ್ನು ಎಂಜಿನಿಯರ್ ದಾಖಲಿಸುವ ಅಳತೆ ಪುಸ್ತಕದ ಪುಟಗಳು, ಬಿಲ್ಲು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಅಳತೆ ಪುಸ್ತಕ ಕೈಗೆ ಬಂದಾಗ ಉದ್ದ, ಅಗಲ, ಆಳ ಗುಣಿಸಿ. 200 ಮೀಟರ್ ಉದ್ದ, 1 ಮೀಟರ್ ಅಗಲ, ಅರ್ಧ ಮೀಟರ್ ಆಳ ಎಂದಿದ್ದರೆ 100 ಘನ ಮೀಟರ್ ಹೂಳು. ಟಿಪ್ಪರಿಗೆ 5 ಘನ ಮೀಟರ್ ಹಿಡಿದರೂ 20 ಲೋಡ್. ಅಷ್ಟು ಟಿಪ್ಪರ್ ಓಡಾಡಿದ್ದು ಬೀದಿಯವರಿಗೆ ಕಾಣದೆ ಹೋಗದು. ಎತ್ತಿದ ಮಣ್ಣನ್ನು ದಂಡೆಯ ಮೇಲೇ ಗುಡ್ಡೆ ಹಾಕಿ ಹೋಗಿದ್ದರೆ ಅದರ ಫೋಟೊವನ್ನೂ ತೆಗೆದಿಡಿ. ಮೊದಲ ಮಳೆಗೆ ಅದು ಮತ್ತೆ ತೋಡಿಗೇ ಇಳಿಯುತ್ತದೆ.

ಮೋರಿಯ ಅಳತೆ, ಎರಡು ಬದಿಯ ಚಿತ್ರ, ಆ ಪುಟಗಳ ಪ್ರತಿ ನಮಗೂ ಕಳಿಸಿ. ಈ ಬಾರಿ ನಿಮ್ಮ ಅಂಗಳದ ಬದಲು ಮೋರಿಯ ಫೋಟೊ ಅಚ್ಚಾಗುತ್ತದೆ.

— ಸಂಪಾದಕ